ಒಂದು ಫ್ರೇಮಿನ ಬೆಂಕಿ

ಹಗಲು ಹೊತ್ತು ನಾನು ಕಲೆ ತೆಗೆಯುವವನು. ಮದುಮಗಳ ಗಲ್ಲದ ಮೊಡವೆ, ಮದುಮಗನ ಬಿಳಿ ಅಂಗಿಯ ಮೇಲಿನ ಸಾರಿನ ಹನಿ, ಅಕ್ಕಿಕಾಳು ಹಾಕುವ ಭರದಲ್ಲಿ ಯಾರೋ ಬೀಗರು ಸೀರೆಗೆ ಮೆತ್ತಿದ ಕುಂಕುಮ, ಎಲ್ಲವನ್ನೂ ಮೌಸಿನಿಂದ ಒರೆಸಿ ಆಲ್ಬಮ್ಮಿಗೆ ಹಾಕುವುದು ಹಾನಗಲ್ಲಿನ ನನ್ನ ಸ್ಟುಡಿಯೊದ ದಂಧೆ. ರಾತ್ರಿ ಹತ್ತರ ಮೇಲೆ ಅದೇ ಮೌಸಿನಿಂದ ಕಲೆ ಹಚ್ಚುತ್ತಿದ್ದೆ. ಎದೆಗೆ ರಕ್ತ, ಹಣೆಯ ನಡುವೆ ತೂತು, ಗೋಡೆಗೆ ಚಿಲ್ಲೆಂದು ಸಿಡಿದ ಕೆಂಪು. ಹಗಲಿನ ಕೆಲಸಕ್ಕೆ ದುಡ್ಡು ಬರುತ್ತಿತ್ತು. ರಾತ್ರಿಯ ಕೆಲಸಕ್ಕೆ ಹುಡುಗರು ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುತ್ತಿದ್ದರು.

ಹುಡುಗರೆಂದರೆ ಶಾರ್ಟ್ ಫಿಲ್ಮಿನ ಹುಡುಗರು. 2008ರಲ್ಲಿ ಕ್ಯಾನನ್‌ನವರು 5ಡಿ ಮಾರ್ಕ್ 2 ಎಂಬ ಕ್ಯಾಮೆರಾ ಬಿಟ್ಟರು. ಫೋಟೊ ತೆಗೆಯುವ ಡಬ್ಬಿಯಲ್ಲೇ ಸಿನಿಮಾದಂಥ ವಿಡಿಯೊ ಬರುತ್ತದಂತೆ ಎಂಬ ಸುದ್ದಿ ನಮ್ಮ ಕಡೆ ಮುಟ್ಟಲು ಎರಡು ಮೂರು ಲಗ್ನದ ಸೀಸನ್ ಹಿಡಿಯಿತು. ಮುಟ್ಟಿದ ಮೇಲೆ ಆ ಜಾತಿಯ ಕ್ಯಾಮೆರಾ ಸ್ಟುಡಿಯೊಗಳಿಗೆಲ್ಲ ಬಂತು. ಆಷಾಢದಲ್ಲಿ ಲಗ್ನವಿಲ್ಲ. ಕ್ಯಾಮೆರಾ ಖಾಲಿ, ಹುಡುಗರೂ ಖಾಲಿ. ತಾಲ್ಲೂಕಿಗೊಬ್ಬ ಡೈರೆಕ್ಟರ್ ಹುಟ್ಟಿದ. ಶಿಗ್ಗಾವಿಯಲ್ಲಿ ಇಬ್ಬರು ಹುಟ್ಟಿದರು, ಇಬ್ಬರಿಗೂ ಮಾತುಕತೆ ಇರಲಿಲ್ಲ.

ಎಲ್ಲರಿಗೂ ಬಂದೂಕೇ ಬೇಕು. 1995ರಲ್ಲಿ ‘ಓಂ’ ಬಂದ ಮೇಲೆ ಕನ್ನಡ ಸಿನಿಮಾ ಲಾಂಗು ಮಚ್ಚಿಗೆ ಒಗ್ಗಿಕೊಂಡಿದೆ, ಅದನ್ನೇ ಮಾಡ್ರಿ, ಖರ್ಚಿಲ್ಲ ಎಂದರೆ ಕೇಳುವುದಿಲ್ಲ. ಮಚ್ಚು ಎಳನೀರು ಮಾರುವವನ ಕೈಯಲ್ಲೂ ಇದೆ, ಅದಕ್ಕೇನು ಮರ್ಯಾದೆ? ಹಿರೇಕೆರೂರಿನವರ ವಾದವಂತೂ ಕಟ್ಟಿಟ್ಟದ್ದು. “ನಮ್ಮ ಎಮ್ಮೆಲ್ಲೆ ಆದವರು ಖರೇನೂ ಪೊಲೀಸ್, ಪಿಚ್ಚರಿನ್ಯಾಗೂ ಪೊಲೀಸ್. ನಮ್ಮ ಪಿಚ್ಚರಿನ್ಯಾಗ ಪಿಸ್ತೂಲ್ ಇಲ್ಲಂದ್ರ ಹೆಂಗ್ರಿ?” ಪೊಲೀಸ್ ಆಗಿದ್ದ ಬಿ.ಸಿ. ಪಾಟೀಲರು ‘ಕೌರವ’ ಸಿನಿಮಾದ ಹೀರೊ ಆಗಿ, ಆಮೇಲೆ ಆ ಕ್ಷೇತ್ರದಿಂದ ವಿಧಾನಸಭೆಗೆ ಹೋದದ್ದು ಹೌದು. ನನ್ನಲ್ಲಿ ಉತ್ತರವಿರಲಿಲ್ಲ. ಮೆಕ್ಕೆಜೋಳದ ಹೊಲದಲ್ಲಿ ಒಂದು ಡಜನ್ ಜನರನ್ನು ಹೊಡೆದುರುಳಿಸಲು ಒಪ್ಪಿಕೊಂಡೆ. ಡಜನ್ ಜನವೆಂದರೂ ಇದ್ದವರು ಮೂವರೇ. ಸತ್ತವನೇ ಅಂಗಿ ಬದಲಿಸಿಕೊಂಡು ಮತ್ತೆ ಸಾಯಲು ಬರುತ್ತಿದ್ದ.

ದೀಪಾವಳಿಯ ಪ್ಲಾಸ್ಟಿಕ್ ಪಿಸ್ತೂಲಿಗೆ ಕರಿ ಬಣ್ಣ ಬಳಿದರೆ ದೂರದಿಂದ ನಡೆದುಹೋಗುತ್ತದೆ. ಗುಂಡು ಹಾರಿಸುವುದು ನನ್ನ ಪಾಲಿನದು. ನಟರಿಗೆ ನನ್ನ ಷರತ್ತು ಒಂದೇ. ಕುದುರೆ ಎಳೆಯುವಾಗ ಬಾಯಿಂದ “ಢಂ” ಅನ್ನಬೇಕು, ಅಂದಕೂಡಲೇ ಮಣಿಕಟ್ಟು ಹಿಂದಕ್ಕೆ ಜಗ್ಗಬೇಕು. ಕಂಪ್ಯೂಟರಿನ ಧ್ವನಿಪಟ್ಟಿಯಲ್ಲಿ ಆ ಢಂ ಎಲ್ಲಿ ಗುಡ್ಡದಂತೆ ಏಳುತ್ತದೋ ಅಲ್ಲಿ ಬೆಂಕಿ ಕೂರಿಸುವುದು. ನಮ್ಮ ವಿಡಿಯೊದಲ್ಲಿ ಸೆಕೆಂಡಿಗೆ 25 ಫ್ರೇಮು. ಗುಂಡಿನ ಬೆಂಕಿಗೆ ಅದರಲ್ಲಿ ಒಂದು ಸಾಕು, ಬಹಳವೆಂದರೆ ಎರಡು. ರೆಪ್ಪೆ ಬಡಿಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಕಪ್ಪು ಹಿನ್ನೆಲೆಯಲ್ಲಿ ತೆಗೆದ ಬೆಂಕಿಯ ತುಣುಕುಗಳು ಸಿಗುತ್ತವೆ. ಸಾಫ್ಟ್‌ವೇರಿನಲ್ಲಿ ‘ಸ್ಕ್ರೀನ್’ ಎಂದು ಒತ್ತಿದರೆ ಕಪ್ಪು ಕರಗಿ ಬೆಂಕಿಯಷ್ಟೇ ಉಳಿಯುತ್ತದೆ. ಇಷ್ಟು ಯಾರಿಗಾದರೂ ಬರುತ್ತದೆ. ಆ ಒಂದೇ ಫ್ರೇಮಿನಲ್ಲಿ ಹುಡುಗನ ಮೂಗಿಗೆ, ಗಲ್ಲಕ್ಕೆ, ಹಿಂದಿನ ಗೋಡೆಗೆ ಹಳದಿ ಬೆಳಕು ಚೆಲ್ಲಿ ಮರು ಫ್ರೇಮಿಗೆ ಆರಿಸುವುದಿದೆಯಲ್ಲ, ಜೀವ ತಿನ್ನುವುದು ಅದು. ಅದಿಲ್ಲದಿದ್ದರೆ ಪಿಸ್ತೂಲಿನ ತುದಿಗೆ ಚೆಂಡುಹೂವು ಸಿಕ್ಕಿಸಿದಂತೆ ಕಾಣುತ್ತದೆ.

ನನ್ನ ಮೊದಲ ಪಿಕ್ಚರಿನಲ್ಲಿ ಕಂಡದ್ದು ಚೆಂಡುಹೂವೇ. ಇಷ್ಟು ಕಷ್ಟಪಟ್ಟಿದ್ದೇನೆ, ಜನ ನಾಕು ಹೊತ್ತು ನೋಡಲಿ ಎಂದು ಬೆಂಕಿಯನ್ನು ಎಂಟು ಫ್ರೇಮು ಇಟ್ಟಿದ್ದೆ. ಸೋದರಮಾವ ನೋಡಿ, “ಬೀಡಿ ಹಚ್ಚಾಕತ್ತಾನೇನೋ ಅಂವ?” ಎಂದ.

ಸದ್ದಿನ ಪಾಠ ಆದದ್ದು ಆನೆಕೆರೆಯ ದಂಡೆಯಲ್ಲಿ. ಆಚೆ ಬದಿಗೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಕಲ್ಲಿಗೆ ಬಡಿದು, ಮತ್ತೆ ತಲೆಯ ಮೇಲಕ್ಕೆ ಹೋದ ಮೇಲೆ “ಪಟ್” ಎಂದು ಕೇಳಿಸುತ್ತಿತ್ತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಅದು ಮುಂದೊಂದು ದಿನ ಮೆಕ್ಕೆಜೋಳದ ಹೊಲದ ಕೊಲೆಗೆ ಬೇಕಾಗುತ್ತದೆಂದು ಮಾಸ್ತರರು ಹೇಳಿರಲಿಲ್ಲ. ಲೆಕ್ಕ ಹಾಕಿದೆ. ನೂರು ಮೀಟರ್ ದೂರದ ಬಂದೂಕಿಗೆ ಸದ್ದು ಏಳು ಫ್ರೇಮು ತಡ. ಹಾಗೇ ಕೂರಿಸಿ ಹೆಮ್ಮೆಯಿಂದ ತೋರಿಸಿದರೆ ಡೈರೆಕ್ಟರ್ “ಸಿಂಕ್ ತಪ್ಪೈತ್ರಿ ಅಣ್ಣಾರ” ಎಂದು ಸರಿ ಮಾಡಿಸಿಕೊಂಡೇ ಎದ್ದ.

ಗುಂಡಿನ ಸದ್ದೂ ಕೆರೆಯದೇ. ಒದ್ದೆ ಟವೆಲ್ಲನ್ನು ಕಲ್ಲಿಗೆ ಬಡಿದದ್ದು, ಅದರ ಅಡಿಗೆ ಹೋರಿ ಹಬ್ಬದ ಪಟಾಕಿ. ನಮ್ಮ ಹಾವೇರಿ ಜಿಲ್ಲೆಯಲ್ಲಿ ದೀಪಾವಳಿ ಎಂದರೆ ಹೋರಿ ಬೆದರಿಸುವುದು. ಕೊರಳಿಗೆ ಕೊಬ್ಬರಿ ಹಾರ, ಮೈತುಂಬ ಬಲೂನು, ಬಾಣದಂತೆ ಓಡುವ ಹೋರಿ. ಅದರ ವಿಡಿಯೊಗಳಿಗೂ ನನ್ನಲ್ಲೇ ಬರುತ್ತಿದ್ದರು. ಕೋಡಿನಿಂದ ಬೆಂಕಿ ಹೊರಡಬೇಕು, ಗೊರಸು ಊರಿದಲ್ಲಿ ಬಾಂಬು ಸಿಡಿಯಬೇಕು. ಹೋರಿಯವರು ಸಿನಿಮಾದವರಿಗಿಂತ ಚಲೋ ದುಡ್ಡು ಕೊಡುತ್ತಿದ್ದರು. ಹೋರಿಯೂ ನಟರಿಗಿಂತ ಚಲೋ ನಟಿಸುತ್ತಿತ್ತು. ಪಟಾಕಿ ಢಂ ಎಂದರೆ ಮೊದಲು ಕಿವಿ ನಿಮಿರುತ್ತದೆ, ಆಮೇಲೆ ಮೈಯ ಚರ್ಮ ಥರ್ ಎನ್ನುತ್ತದೆ, ಆಮೇಲೆ ಕಾಲು ಎದ್ದೀತು. ನಮ್ಮ ಹುಡುಗರದು ಉಲ್ಟಾ. ಎದುರಿನವನು ಢಂ ಅನ್ನುವ ಮೊದಲೇ ಎದೆ ಹಿಡಿದುಕೊಂಡು, ಬೀಳುವ ಜಾಗದಲ್ಲಿ ಸಗಣಿ ಇದೆಯೇ ಎಂದು ಒಮ್ಮೆ ಹಿಂದೆ ನೋಡಿ, ಬೀಳುತ್ತಿದ್ದರು.

ಕಂಪ್ಯೂಟರಿನಿಂದ ಬೆಂಕಿ ಕೊಡಬಹುದು, ಹೊಗೆ ಕೊಡಬಹುದು, ಬೆಚ್ಚುವುದನ್ನು ಕೊಡಲಾಗುವುದಿಲ್ಲ. ಇದು ನನಗೆ ಖಾತ್ರಿಯಾದದ್ದು ಗೊಟಗೋಡಿಯಲ್ಲಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇರುವುದು ಅಲ್ಲೇ, ಶಿಗ್ಗಾವಿ ತಾಲ್ಲೂಕಿನಲ್ಲಿ, ಹೆದ್ದಾರಿಯ ಮಗ್ಗುಲಿಗೆ. ಒಕ್ಕಲುತನ ಮಾಡುವವರು, ಬೀಸುವವರು, ಕುಟ್ಟುವವರು, ಇಡೀ ಹಳ್ಳಿಯೇ ಮೂರ್ತಿಗಳಾಗಿ ನಿಂತಿದೆ. ಜೀವಂತ ಇದ್ದಾರೆಂದು ಮಾತಾಡಿಸಲು ಹೋಗಬೇಕು, ಅಂಥ ಕೈಚಳಕ. ಶಿಗ್ಗಾವಿಯ ಆ ಇಬ್ಬರು ಡೈರೆಕ್ಟರುಗಳಲ್ಲಿ ಒಬ್ಬನಿಗೆ ಅಲ್ಲಿ ಒಂದು ಐಡಿಯಾ ಹೊಳೆಯಿತು. ಸಂತೆಯಲ್ಲಿ ಗುಂಡು ಹಾರುವ ಸೀನು, ಜನ ಪುಕ್ಕಟೆ! ಟಿಕೆಟ್ ತೆಗೆಸಿ ಒಳಗೆ ಹೋಗಿ ಮೊಬೈಲಿನಲ್ಲಿ ನಾಲ್ಕು ಶಾಟ್ ಪರೀಕ್ಷೆಗೆ ತೆಗೆದ. ನಾನು ಬೆಂಕಿ ಹಾಕಿದೆ. ವಿಲನ್ ಆರು ಗುಂಡು ಹಾರಿಸಿದ, ಹಿಂದೆ ಅಜ್ಜಿ ಶಾಂತವಾಗಿ ರೊಟ್ಟಿ ಬಡಿಯುತ್ತಲೇ ಇದ್ದಳು. ಆ ಸೀನು ಅಲ್ಲಿಗೇ ನಿಂತಿತು. ನನಗೆ ಅದು ಬಹಳ ಸೇರಿತ್ತು.

ರಕ್ತ ಕಂಪ್ಯೂಟರಿಗೆ ಬರುವ ಮೊದಲು ಅಡಿಗೆಮನೆಯಲ್ಲಿತ್ತು. 1960ರ ‘ಸೈಕೊ’ದಲ್ಲಿ ಹಿಚ್‌ಕಾಕ್ ಚಾಕೊಲೇಟ್ ಪಾಕ ಹರಿಸಿದ. ಕಪ್ಪು-ಬಿಳುಪಿನ ಕಾಲ, ನಡೆಯಿತು. ನಮ್ಮದು ಕಲರ್. ಅರಿಸಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುವುದು ಆರತಿ ಎತ್ತುವ ಮನೆಯವರಿಗೆಲ್ಲ ಗೊತ್ತು. ಬಕೆಟ್ಟುಗಟ್ಟಲೆ ಮಾಡಿ ಹೀರೊನ ಎದೆಗೆ ಸುರಿದೆವು. ಅವನ ಅಜ್ಜಿ ಹಾದು ಹೋಗುತ್ತ, “ಯಾರ ದೃಷ್ಟಿ ಬಡದಿತ್ತೋ ತಮ್ಮಾ?” ಎಂದು ಕೇಳಿದಳು. ಆಮೇಲೆ ಬ್ಯಾಡಗಿ ಮೆಣಸಿನಕಾಯಿ. ಬಣ್ಣಕ್ಕೆ ಅದರ ಹೆಸರು ಲೋಕಕ್ಕೆಲ್ಲ ಹೋಗಿದೆ, ಖಾರ ಕಡಿಮೆ ಎಂದೂ ಅನ್ನುತ್ತಾರೆ. ಕಡಿಮೆ ಎಂಬುದು ನಾಲಿಗೆಗೆ ಹೇಳಿದ ಮಾತು, ಕಣ್ಣಿಗಲ್ಲ. ಅವತ್ತು ಹೀರೊ ಅತ್ತ ಅಳುವಿನಂಥ ನಟನೆ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಂದಾಗಿಲ್ಲ.

ಬಾಯಿಂದ ರಕ್ತ ಬರುವುದಕ್ಕೆ ಮಾತ್ರ ಸವಣೂರಿಗಿಂತ ಮೇಲಾದ ಊರಿಲ್ಲ. ಅಲ್ಲಿಯ ವೀಳ್ಯದೆಲೆ, ಸುಣ್ಣ, ಅಡಿಕೆ. ವಿಲನ್ ಚೆನ್ನಾಗಿ ಅಗಿದು ಗುಂಡು ತಗಲಿದಾಗ ಬಾಯಿಯ ಮೂಲೆಯಿಂದ ಸಣ್ಣಗೆ ಬಿಟ್ಟರೆ ಮುಗಿಯಿತು. ರಿಟೇಕು ಹೆಚ್ಚಾದಂತೆ ಎಲೆಯೂ ಹೆಚ್ಚಾಗಿ, ಐದನೇ ಸಲಕ್ಕೆ ಅವನು ಊಟ ಮುಗಿಸಿದ ಗೌಡರಂತೆ ಬಲು ತೃಪ್ತಿಯಿಂದ ಸತ್ತ. ಅವನ ಅಡ್ಡೆ ಎಂದು ನಾವು ತೋರಿಸಿದ್ದು ಸವಣೂರಿನದೇ ದೊಡ್ಡ ಹುಣಸೆ ಮರಗಳನ್ನು. ಹೆಸರಿಗೆ ಹುಣಸೆ, ಜಾತಿಯಲ್ಲಿ ಆಫ್ರಿಕಾದ ಬಾವೊಬಾಬ್. ಮೂರು ಮರ, ಒಂದೊಂದೂ ಆರೇಳು ಜನರ ತೆಕ್ಕೆಗೆ ನಿಲುಕದ ಬೊಡ್ಡೆ. 2023ರ ಮಳೆಗಾಲದಲ್ಲಿ ಅದರಲ್ಲೊಂದು ಬುಡಸಹಿತ ಉರುಳಿತು. ಹೋಯಿತು ಎಂದುಕೊಂಡೆವು. ಎತ್ತಿ ಮತ್ತೆ ನೆಟ್ಟರು.

ಇಷ್ಟೆಲ್ಲ ಕಲಿತ ಮೇಲೆ ಬಂದದ್ದು ಮೈಲಾರ ಮಹಾದೇವಪ್ಪನವರ ಪಿಕ್ಚರ್. ಹಾನಗಲ್ಲ ಹತ್ತಿರದ ಒಂದು ಹಳ್ಳಿಯ ಹುಡುಗರು ಆಗಸ್ಟ್ 15ಕ್ಕೆಂದು ಮಾಡಿದ್ದು. ಮೋಟೆಬೆನ್ನೂರಿನ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಯ ತನಕ ನಡೆದ ಒಬ್ಬನೇ ಕನ್ನಡಿಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಿದ್ದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಹುಡುಗರು ಈ ಸಲ ನಗಲಿಲ್ಲ. ಬಡಿಗ್ಯಾರ ಕಾಕಾ ಬೇವಿನ ಕಟ್ಟಿಗೆಯಲ್ಲಿ ಮೂರು ರೈಫಲ್ ಕೆತ್ತಿಕೊಟ್ಟು, “ಗುರಿ ಹಿಡಿಯೂ ಮುಳ್ಳೂ ಇಟ್ಟೀನಿ, ಹುಷಾರಿ” ಎಂದ. ಮಹಾದೇವಪ್ಪನಾದವನು ಪಿಯುಸಿ ಓದುವ ತೆಳ್ಳನೆಯ ಹುಡುಗ. ಅಜ್ಜನ ಖಾದಿ ಅಂಗಿ ಅವನಿಗೆ ಒಂದು ಗೇಣು ಉದ್ದವಾಗಿತ್ತು.

ಗುಂಡು ಬೀಳುವ ಸೀನು ನಾಲ್ಕು ಸೆಕೆಂಡು. ನೂರು ಫ್ರೇಮಿಗೆ ನಾನು ಹನ್ನೊಂದು ರಾತ್ರಿ ಕೂತೆ. ಬೆಂಕಿ ಒಂದೇ ಫ್ರೇಮು. ಗುಡಿಯ ಕಂಬಕ್ಕೆ ಬೆಳಕು, ಹೊಗೆ ತೆಳ್ಳಗೆ. ರಕ್ತವನ್ನು ಓಕುಳಿಯ ಕೆಂಪಿನಿಂದ ಕೆಳಗಿಳಿಸಿ ಕಂದು ಮಾಡಿದೆ. ಖಾದಿಯ ಎಳೆ ಹಿಡಿದು ಹರಡುವಂತೆ, ಅವನು ಬಾಗಿದರೆ ಅಂಗಿಯ ಮಡಿಕೆಯ ಜೊತೆ ಅದೂ ಬಾಗುವಂತೆ ಕೂರಿಸಿದೆ. ಗುಡಿಯ ಮುಂದೆ ಬಿಳಿ ಧೋತರ ಕಟ್ಟಿ ತೋರಿಸಿದಾಗ ಜನ ಉಸಿರು ಬಿಡಲಿಲ್ಲ, ಆಮೇಲೆ ಚಪ್ಪಾಳೆ ನಿಲ್ಲಲಿಲ್ಲ. ಜಂಬ ಬಂತೇ? ಬಂತು.

ಮರುದಿನ ಸ್ಟುಡಿಯೊದ ಶಟರ್ ಎತ್ತುವಾಗ ಮೆಟ್ಟಿಲ ಮೇಲೆ ಹುಡುಗನ ತಾಯಿ ಕೂತಿದ್ದಳು. ಕೈಯಲ್ಲಿ ಬಟ್ಟೆಯ ಚೀಲ.

“ಅದನ್ನ ಅಳಸಾಕ ಬರತೈತೇನ್ರಿ?”

ಸುಳ್ಳು ರಕ್ತ ಅದು ಎಂದೆ.

“ಸುಳ್ಳ ಅಂತ ಗೊತ್ತೈತಿ ಯಪ್ಪಾ. ಅಂಗಿ ಖರೇದು. ನಾನ ಒಗದಿದ್ದೆ.”

ಚಹಾ ತರಿಸಿದೆ. ಅವಳು ಬಸಿ ಕೆಳಗಿಟ್ಟು ಬೇರೆಯೇ ಮಾತು ತೆಗೆದಳು. 2008ರ ಜೂನ್ 10. ಬಿತ್ತನೆಯ ಹದ, ಗೊಬ್ಬರ ಸಿಗುತ್ತಿಲ್ಲ. ಅವಳ ಗಂಡ ಬೆಳಿಗ್ಗೆಯೇ ಡಿಎಪಿ ನೋಡಿ ಬರುತ್ತೇನೆಂದು ಹಾವೇರಿಗೆ ಹೋಗಿದ್ದ. ಗೊಬ್ಬರ ಕೇಳಿದ ರೈತರ ಮೇಲೆ ಅಂದು ಹಾವೇರಿಯಲ್ಲಿ ಗೋಲಿಬಾರ್ ಆಯಿತು, ಇಬ್ಬರು ರೈತರ ಜೀವ ಹೋಯಿತು. ಸುದ್ದಿ ಹಳ್ಳಿಗೆ ಸಂಜೆಗೇ ಬಂದಿತ್ತು, ಹೆಸರು ಬಂದಿರಲಿಲ್ಲ. ರಾತ್ರಿ ಹತ್ತಕ್ಕೆ ಗಂಡ ಬಂದನಂತೆ, ಖಾಲಿ ಚೀಲ ಹೆಗಲ ಮೇಲೆ ಹಾಕಿಕೊಂಡು. “ಅಲ್ಲೀತನಕ ಹೊಸಲಿನ ಮ್ಯಾಲ ಕುಂತು ಏನೇನ್ ಕಂಡಿದ್ನೋ, ನಿನ್ನಿ ಪರದೇದ ಮ್ಯಾಲ ಥೇಟ್ ಹಂಗ ಮಾಡೀರಿ.”

ನನ್ನ ಕೆಲಸವನ್ನು ಇದಕ್ಕಿಂತ ಹೆಚ್ಚು ಯಾರೂ ಹೊಗಳಿಲ್ಲ.

ಕಂಪ್ಯೂಟರ್ ಹಚ್ಚಿ ಪ್ರಾಜೆಕ್ಟ್ ತೆಗೆದೆ. ಪ್ರತಿ ಲೇಯರಿನ ಪಕ್ಕಕ್ಕೂ ಒಂದು ಸಣ್ಣ ಕಣ್ಣಿನ ಗುರುತು ಇರುತ್ತದೆ. ಒತ್ತಿದರೆ ಕಣ್ಣು ಮುಚ್ಚುತ್ತದೆ, ಲೇಯರು ಮಾಯ. ಒಂದೊಂದೇ ಕಣ್ಣು ಮುಚ್ಚುತ್ತ ಬಂದೆ. ಎದೆಯ ರಕ್ತ ಹೋಯಿತು, ಹೊಗೆ ಹೋಯಿತು, ಕಂಬದ ಬೆಳಕು, ಬೆಂಕಿ. ಟವೆಲ್ಲಿನ ಪಟ್ಟನ್ನೂ ಪಟಾಕಿಯನ್ನೂ ತೆಗೆದೆ. ಹನ್ನೊಂದು ರಾತ್ರಿಯದು ಎರಡು ನಿಮಿಷಕ್ಕೆ ಬರಿದಾಯಿತು. ಉಳಿದದ್ದು ಬಿಸಿಲು, ಬೇವಿನ ಕಟ್ಟಿಗೆಯ ರೈಫಲ್ ಹಿಡಿದ ಮೂವರು ಖಾಕಿ ಹುಡುಗರು. ಅವರು ಬಾಯಿಂದ “ಢಂ, ಢಂ, ಢಂ” ಎಂದರು. ಬಿಳಿ ಅಂಗಿಯ ಹುಡುಗ ಬಿದ್ದ. ನಾನು ಅಲ್ಲಿಗೆ ಕತ್ತರಿಸಲು ಹೋದೆ.

“ತಡೀರಿ. ಅಂವ ಏಳೂ ತನಕ ಇಡ್ರಿ.”

ಇಟ್ಟೆ. ಯಾರೋ ಕಟ್ ಅಂದರು. ಹುಡುಗ ಎದ್ದು ಕುಂಡಿಯ ಮಣ್ಣು ಝಾಡಿಸಿಕೊಂಡು ಕ್ಯಾಮೆರಾದ ಕಡೆ ಹಲ್ಲು ಕಿರಿದು, “ಚಲೋ ಬಂತೇನ್ರಿ?” ಎಂದ. ತಾಯಿ ಮೂರು ಸಲ ಹಾಕಿಸಿ ನೋಡಿದಳು. ಮೂರನೇ ಸಲಕ್ಕೆ ನಕ್ಕಳು. ಮೊಬೈಲಿಗೆ ಹಾಕಿಕೊಟ್ಟೆ. ಚೀಲದಲ್ಲಿದ್ದದ್ದು ಅವಲಕ್ಕಿ, ಹೊಸ ಭತ್ತದ್ದು. ಅದನ್ನು ಟೇಬಲ್ಲಿನ ಮೇಲಿಟ್ಟು ಹೋದಳು.

2022ರಲ್ಲಿ ‘ಕೆಜಿಎಫ್ 2’ ಬಂದ ಮೇಲೆ ಒಂದಿಷ್ಟು ದಿನ ಎಲ್ಲರೂ ‘ದೊಡ್ಡಮ್ಮ’ ಮಷಿನ್‌ಗನ್ನೇ ಬೇಕೆಂದು ಹಟ ಹಿಡಿದರು. ಬೋರ್‌ವೆಲ್ಲಿನ ಪಿವಿಸಿ ಪೈಪು ಕಟ್ಟಿಕೊಂಡು ಬಂದ ಹುಡುಗ, “ಅಣ್ಣಾರ, ದೊಡ್ಡವ್ವನ ಕರಕೊಂಡು ಬಂದೀನಿ” ಎಂದಾಗ ನಾನು ಕುರ್ಚಿ ಸರಿಸಿ ಎದ್ದು ನಿಂತಿದ್ದೆ. ಈಗ ಅವರೂ ಬರುವುದಿಲ್ಲ. ಬೆಂಕಿ, ರಕ್ತ ಎಲ್ಲ ಮೊಬೈಲಿನಲ್ಲೇ ಇದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಬಸ್ಸು ಬರುವುದರೊಳಗೆ ನಾಲ್ಕು ಜನರನ್ನು ಕೊಲ್ಲುತ್ತಾರೆ. ಬೆಂಕಿ ಈಗಲೂ ಎಂಟು ಫ್ರೇಮು ಇಡುತ್ತಾರೆ. ಹೇಳಲು ಹೋಗುವುದಿಲ್ಲ.

ಹೋದ ವರ್ಷ ನನ್ನ ಹಳೆಯ ಹಾರ್ಡ್‌ಡಿಸ್ಕ್ ಕಟಕಟ ಎಂದು ಎರಡು ದಿನ ಸದ್ದು ಮಾಡಿ ಸುಮ್ಮನಾಯಿತು. ಹೊಲದ ಕೊಲೆಗಳು, ಎಲೆ ಅಡಿಕೆಯ ಸಾವು, ಹೊಸರಿತ್ತಿ, ಎಲ್ಲ ಅದರಲ್ಲಿದ್ದವು. ಅದಾಗಿ ಸ್ವಲ್ಪ ದಿನಕ್ಕೆ ಬೆಂಗಳೂರಿನಿಂದ ಫೋನು. ಖಾದಿ ಅಂಗಿಯ ಹುಡುಗ. ಈಗ ಅವನಿಗೂ ಮಗಳಿದ್ದಾಳೆ.

“ಆ ಪಿಕ್ಚರ್ ಐತೇನ್ರಿ ಅಣ್ಣಾರ? ಮಗಳಿಗೆ ತೋರಸಬೇಕಿತ್ತು.”

“ನನ್ನಂತೇಕ ಇಲ್ಲಪ್ಪಾ. ನಿಮ್ಮವ್ವನ ಮೊಬೈಲಿನ್ಯಾಗ ಇರಬೇಕು ನೋಡು.”

“ಅದ್ರಾಗ ಗುಂಡ ಬಡೀತೈತೇನ್ರಿ?”

“ಇಲ್ಲ” ಎಂದೆ. “ಬೀಳ್ತಿ. ಏಳ್ತಿ.”