ಖಳನ ಪೀಠಿಕೆ

ನಾಯಕನು ಏಕೆ ಒಳ್ಳೆಯವನಾದನೆಂದು ಕಥೆ ಕೇಳುವವರು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ. ಖಳನು ಏಕೆ ಕೆಟ್ಟನೆಂಬ ಪ್ರಶ್ನೆಗೆ ಮಾತ್ರ ಕಥೆಗಾರನು ಉತ್ತರ ಕೊಡಬೇಕಾಗುತ್ತದೆ. ಆದರೆ ಕಾಲ ಸಾಲದೆ ಕಥೆಯನ್ನು ಮೊಟಕುಗೊಳಿಸುವಾಗ ಕತ್ತರಿಗೆ ಮೊದಲು ಸಿಕ್ಕುವುದು ಆ ಉತ್ತರವೇ.

ಕಾರವಾರ, ಅಂಕೋಲೆಗಳ ಸೀಮೆಯಲ್ಲಿ ಯಕ್ಷಗಾನವನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಗದ್ದೆಯ ಕೊಯ್ಲು ಮುಗಿದ ಮೇಲೆ ಬಯಲಿನಲ್ಲಿ ರಂಗಸ್ಥಳ ಕಟ್ಟಿ, ಬೆಳಕು ಹರಿಯುವವರೆಗೂ ಆಟ ನೋಡುವುದು ಕರಾವಳಿಯ ಹಳೆಯ ರೂಢಿ. ಅಂಥ ಆಟದಲ್ಲಿ ರಾಕ್ಷಸನು ಒಮ್ಮೆಲೇ ರಂಗಕ್ಕೆ ಬರುವುದಿಲ್ಲ. ಇಬ್ಬರು ಹಿಡಿದ ತೆರೆಯ ಹಿಂದೆ ಚಂಡೆಯ ಅಬ್ಬರದೊಡನೆ ಅವನ ಆರ್ಭಟ ಕೇಳಿಸುತ್ತದೆ. ಕಿರೀಟದ ತುದಿ ಕಾಣಿಸಿ ಮರೆಯಾಗುತ್ತದೆ. ತೆರೆ ಸರಿದ ಮೇಲೆ ಒಡ್ಡೋಲಗ. ಆ ಬಳಿಕ ಭಾಗವತನು ವಿಚಾರಿಸುತ್ತಾನೆ. ವೇಷಧಾರಿಯು ತನ್ನ ಕುಲವನ್ನೂ, ಪಡೆದ ವರವನ್ನೂ, ಉಂಡ ನೋವನ್ನೂ, ಹೊತ್ತ ಹಗೆಯನ್ನೂ ತಾನೇ ಹೇಳಿಕೊಳ್ಳುತ್ತಾನೆ. ಇದಕ್ಕೆ ಪೀಠಿಕೆಯೆಂದು ಹೆಸರು.

ಹಿರಣ್ಯಕಶಿಪುವಿನ ಪಾತ್ರವನ್ನು ನೋಡಬಹುದು. ಅವನ ತಮ್ಮನಾದ ಹಿರಣ್ಯಾಕ್ಷನನ್ನು ವಿಷ್ಣುವು ವರಾಹರೂಪದಿಂದ ಕೊಂದನು. ಒಡಹುಟ್ಟಿದವನನ್ನು ಕಳೆದುಕೊಂಡ ದುಃಖವು ಹಗೆಯಾಯಿತು, ಹಗೆಯು ತಪಸ್ಸಾಯಿತು, ತಪಸ್ಸಿನಿಂದ ಬಂದ ವರವು ಮದವಾಯಿತು. ತಮ್ಮನನ್ನು ಕೊಂದವನ ಹೆಸರನ್ನೇ ಮಗನು ಹಗಲಿರುಳು ಜಪಿಸುವಾಗ ತಂದೆಯ ಎದೆಯಲ್ಲಿ ಏನಾಗಿರಬೇಕೆಂಬುದನ್ನು ಪೀಠಿಕೆ ಕೇಳಿದ ಪ್ರೇಕ್ಷಕನು ಬಲ್ಲ. ಪೀಠಿಕೆಯನ್ನು ಕಳೆದರೆ ಉಳಿಯುವುದು ಎಳೆಯ ಮಗುವನ್ನು ಹಿಂಸಿಸುವ ಒಬ್ಬ ಕ್ರೂರಿ ಮಾತ್ರ. ಕಥೆ ಅದೇ, ಕೊನೆಯೂ ಅದೇ; ಆದರೆ ಪಾತ್ರದ ಆಳ ಹೋಯಿತು.

1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಸ್ಥಾಪಿಸಿದ ಕಾಲದಲ್ಲಿ ಆಟವೆಂದರೆ ಇಡೀ ರಾತ್ರಿಯ ಆಟ. ಇಂದು ಎರಡೂವರೆ, ಮೂರು ಗಂಟೆಗಳ ಕಾಲಮಿತಿಯ ಪ್ರದರ್ಶನಗಳು ಬಳಕೆಗೆ ಬಂದಿವೆ. ಬೆಳಗಾದರೆ ಕಚೇರಿ, ಶಾಲೆಗಳಿಗೆ ಹೊರಡಬೇಕಾದವರು ರಾತ್ರಿಯಿಡೀ ಕುಳಿತಿರಲಾರರು, ಅವರನ್ನು ದೂರುವಂತಿಲ್ಲ. ಆದರೆ ಯುದ್ಧದ ಕುಣಿತವನ್ನು ಬಿಟ್ಟರೆ ಜನ ಎದ್ದು ಹೋಗುತ್ತಾರೆಂಬ ಭಯದಿಂದ ಒಡ್ಡೋಲಗವನ್ನೂ ಪೀಠಿಕೆಯನ್ನೂ ಕಿರಿದುಮಾಡಿದಾಗ, ಖಳನು ಸಾಯುವುದಕ್ಕಾಗಿಯೇ ಬಂದವನಂತೆ ತೋರುತ್ತಾನೆ.

ಚಲನಚಿತ್ರದ ಕತ್ತರಿಯ ಕೆಲಸವೂ ಇಂಥದೇ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾಗಿ 1975ರ ಆಗಸ್ಟ್ 15ರಂದು ತೆರೆಕಂಡ ಹಿಂದಿಯ ‘ಶೋಲೆ’ಯನ್ನು ಇಲ್ಲಿ ನೆನೆಯಬಹುದು. ಅದರಲ್ಲಿ ಡಕಾಯಿತ ಗಬ್ಬರ್ ಸಿಂಗನು ವೃದ್ಧ ಇಮಾಮನ ಮಗನನ್ನು ಕೊಲ್ಲುವ ದೃಶ್ಯವನ್ನು ತೆಗೆದುಹಾಕಲಾಯಿತು. ಉಳಿದದ್ದು ಇಷ್ಟೇ: ಗಬ್ಬರನು ತೋಳಿನ ಮೇಲೆ ಹರಿಯುವ ಇರುವೆಯೊಂದನ್ನು ಹೊಡೆದು ಕೊಲ್ಲುತ್ತಾನೆ; ಮುಂದೆ ಕುದುರೆಯೊಂದು ಹುಡುಗನ ಶವವನ್ನು ಹೊತ್ತು ಹಳ್ಳಿಗೆ ಬರುತ್ತದೆ. ಕೊಲೆಯನ್ನು ಕಾಣದವನಿಗೆ ಕೊಲೆಗಾರನು ಇನ್ನೂ ಭಯಂಕರನಾಗಿ ತೋರುತ್ತಾನೆ. ಅದೇ ಚಿತ್ರದ ಕೊನೆಯಲ್ಲಿ ಠಾಕೂರನು ಗಬ್ಬರನನ್ನು ತಾನೇ ಕೊಲ್ಲುವುದಕ್ಕೆ ಸೆನ್ಸಾರ್ ಮಂಡಳಿಯು ಒಪ್ಪದೆ, ಪೊಲೀಸರು ಬಂದು ತಡೆಯುವಂತೆ ಬದಲಾಯಿಸಬೇಕಾಯಿತು. ಮೂಲದ ಮುಕ್ತಾಯವನ್ನು ಒಳಗೊಂಡ ಜೀರ್ಣೋದ್ಧಾರಗೊಂಡ ಪ್ರತಿಯು 2025ರ ಜೂನ್ ತಿಂಗಳಲ್ಲಿ ಇಟಲಿಯ ಬೊಲೊನ್ಯಾ ನಗರದಲ್ಲಿ ಪ್ರದರ್ಶಿತವಾಯಿತು. ಐವತ್ತು ವರ್ಷಗಳಾದರೂ ಬಿಟ್ಟುಹೋದ ಭಾಗವನ್ನು ಜನ ಮರೆತಿರಲಿಲ್ಲ.

ಆದುದರಿಂದ ಕತ್ತರಿಸುವುದೆಲ್ಲ ಕೆಡಿಸುವುದೆಂದು ಹೇಳಲಾಗದು. ಕೃತ್ಯವನ್ನು ಮರೆಮಾಡಿ ಅದರ ನೆರಳನ್ನು ಉಳಿಸಿದರೆ ನಮ್ಮ ಹಿರಿಯರು ಧ್ವನಿಯೆಂದು ಕರೆದ ಗುಣವು ಅಲ್ಲಿ ಹುಟ್ಟೀತು. ಕೃತ್ಯವನ್ನು ಉಳಿಸಿ ಅದರ ಕಾರಣವನ್ನೇ ಅಳಿಸಿದರೆ ಪಾತ್ರವು ಬೇರು ಕಿತ್ತ ಗಿಡದಂತಾಗುತ್ತದೆ.

ಕನ್ನಡದ ಹಿರಿಯ ಕವಿಗಳು ಈ ಬೇರನ್ನು ಕಡೆಗಣಿಸಿದವರಲ್ಲ. ರನ್ನನ ‘ಗದಾಯುದ್ಧ’ದಲ್ಲಿ ನಾಯಕನು ಭೀಮ. ಆದರೂ ಕವಿಯು ದುರ್ಯೋಧನನನ್ನು ಸಂಜಯನೊಡನೆ ರಣರಂಗದಲ್ಲಿ ನಡೆಸಿಕೊಂಡು ಹೋಗುತ್ತಾನೆ. ಅಲ್ಲಿ ಗುರು ದ್ರೋಣನು ಬಿದ್ದಿದ್ದಾನೆ; ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣರು ಬಿದ್ದಿದ್ದಾರೆ. ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೂ ಅವನು ತಲೆಬಾಗುತ್ತಾನೆ. ಈ ನಡಿಗೆಯನ್ನು ತೆಗೆದುಹಾಕಿದರೂ ಗದಾಯುದ್ಧವು ನಡೆದೀತು; ದುರ್ಯೋಧನನ ತೊಡೆ ಮುರಿದೀತು. ಆದರೆ ಓದುಗನ ಕಣ್ಣು ತೇವಗೊಳ್ಳದು.

ಹಾಗೆಂದು ಖಳನ ದುಃಖವನ್ನು ಅರಿಯುವುದೆಂದರೆ ಅವನ ತಪ್ಪನ್ನು ಮನ್ನಿಸುವುದಲ್ಲ. ರನ್ನನು ದುರ್ಯೋಧನನಿಗಾಗಿ ಮರುಗಿದನು. ಆದರೆ ಅವನನ್ನು ಗೆಲ್ಲಿಸಲಿಲ್ಲ. ಹಿರಣ್ಯಕಶಿಪುವಿನ ಪೀಠಿಕೆಯನ್ನು ಆಲಿಸಿದ ಜನರೇ ನರಸಿಂಹನು ಕಂಬವನ್ನು ಒಡೆದು ಬರುವಾಗ ಕೈಮುಗಿಯುತ್ತಾರೆ. ಕೇಡು ಆಕಾಶದಿಂದ ಬೀಳುವುದಿಲ್ಲ. ನೋವು, ಅವಮಾನ, ಅಸೂಯೆಗಳಿಂದ ಮನುಷ್ಯನೊಳಗೆ ಮೆಲ್ಲಮೆಲ್ಲನೆ ಬೆಳೆಯುತ್ತದೆ. ಅದು ಬೆಳೆದ ಬಗೆಯನ್ನು ಕಂಡವನು ತನ್ನೊಳಗಿನ ಮೊಳಕೆಯನ್ನು ಗುರುತಿಸಬಲ್ಲನು. ಕುಣಿತದ ನಡುವೆ ಭಾಗವತನು ಖಳನನ್ನೂ ನಿಲ್ಲಿಸಿ ‘ನೀನಾರು?’ ಎಂದು ವಿಚಾರಿಸುವುದರ ಬೆಲೆ ಇರುವುದು ಇಲ್ಲಿಯೇ.