ಹೆಬ್ಬೆರಳಿಗೆ ಸಿಕ್ಕ ಪೈಪು

ನೀಲಗಿರಿಯ ಚಹಾ ತೋಟವೊಂದರಲ್ಲಿ ನಮ್ಮ ತೀರ್ಥರೂಪರು ತಲೆಗುಮಾಸ್ತರಾಗಿದ್ದರು. ಆಂಗ್ಲ ಮ್ಯಾನೇಜರರು ಸ್ವದೇಶಕ್ಕೆ ಮರಳುವಾಗ ಕೊಟ್ಟುಹೋದ ಪೈಪೊಂದು ಅವರಿಗಿದ್ದ ಏಕೈಕ ವ್ಯಸನ. ತಾಯಿಯವರಿಗೆ ಹೊಗೆಯ ವಾಸನೆ ಆಗದು. ಆದ್ದರಿಂದ ಅದಕ್ಕೆ ಜಗಲಿಯಿಂದ ಒಳಗೆ ಪ್ರವೇಶವಿರಲಿಲ್ಲ.

1978ರಲ್ಲಿ ಆ ಪೈಪಿನ ಬಟ್ಟಲು ಸೀಳಿತು. ಅಷ್ಟರಲ್ಲಿ ತಂದೆಯವರ ದೃಷ್ಟಿಯೂ ಬಹುಪಾಲು ನಂದಿತ್ತು. ನಾವೂ ನಮ್ಮ ತಮ್ಮನೂ ಆಗತಾನೇ ಉಪಾಧ್ಯಾಯರಾಗಿ ಸಂಬಳ ಕಾಣತೊಡಗಿದ್ದೆವು. ಅವರ ಕೈಹಿಡಿದು ಊಟಿಯ ಹಳೆಯ ಅಂಗಡಿಯೊಂದಕ್ಕೆ ಕರೆದೊಯ್ದೆವು. ತರಗತಿಯಲ್ಲಿ ತಂಬಾಕಿನ ಕೆಡುಕನ್ನು ಬೋಧಿಸುತ್ತಿದ್ದವರು ನಾವೇ ಎಂಬುದು ಆ ದಿನ ನೆನಪಾಗಲಿಲ್ಲ.

ಅಂಗಡಿಯವರು ಎರಡು ಪೈಪುಗಳನ್ನು ಮುಂದಿಟ್ಟರು. ಒಂದು ಕನ್ನಡಿಯಂತೆ ನುಣುಪು. ಮರದ ಗೆರೆಗಳು ಜ್ವಾಲೆಯಂತೆ ಮೇಲೇರಿದ್ದವು. ಇನ್ನೊಂದು ಕಪ್ಪು, ಒರಟು, ಮರದ ತೊಗಟೆಯ ಹಾಗೆ. ಬೆಲೆಯೂ ಅರ್ಧ. ನಮ್ಮ ಮನಸ್ಸು ನುಣುಪಾದುದರ ಮೇಲೆ. ಕಡಿಮೆ ಬೆಲೆಯದನ್ನು ಕೊಂಡರೆ ಮಕ್ಕಳಿಗೆ ಶೋಭೆಯೇ?

ಬ್ರಯರ್ ಎಂಬುದು ಮೆಡಿಟರೇನಿಯನ್ ಸಮುದ್ರದ ಸುತ್ತಣ ಒಂದು ಪೊದೆಯ ಬುಡದಲ್ಲಿ ಬೆಳೆಯುವ ಗಂಟು. ಕುದಿಸಿ, ಬಹುಕಾಲ ಒಣಗಿಸಿ ಪೈಪು ಕಡೆಯುತ್ತಾರೆ. ನುಣುಪು ಮೆರುಗಿನಲ್ಲಿ ಸಣ್ಣ ಕುಳಿಯೂ ಮರೆಯಾಗದು. ಕಳಂಕವಿಲ್ಲದ ಮರ ಅಪರೂಪವಾದ್ದರಿಂದ ಬೆಲೆ ಹೆಚ್ಚು. ಒರಟು ಪೈಪಿಗೆ ಮರಳನ್ನು ರಭಸದಿಂದ ಊದುತ್ತಾರೆ. ಮೆದು ಭಾಗ ಸವೆದು ಗಟ್ಟಿ ಗೆರೆಗಳು ಉಬ್ಬಿ ನಿಲ್ಲುತ್ತವೆ. ಇದನ್ನೆಲ್ಲ ನಾವು ಓದಿ ತಿಳಿದದ್ದು ಬಹಳ ತಡವಾಗಿ. ತಂದೆಯವರು ಓದದೆಯೇ ತಿಳಿದರು.

ಅವರು ಎರಡನ್ನೂ ಅಂಗೈಯಲ್ಲಿಟ್ಟು ತೂಗಿದರು. ಹಚ್ಚದೆಯೇ ಹಲ್ಲಿನ ನಡುವೆ ಕಚ್ಚಿ, ದವಡೆಗೆ ಭಾರವೇ ಎಂದು ನೋಡಿದರು. ಬಟ್ಟಲನ್ನು ಕೆನ್ನೆಗೊತ್ತಿಕೊಂಡರು. ಒರಟು ಪೈಪಿನ ಕೆಳಬದಿಯಲ್ಲಿ ತಯಾರಕರ ಮುದ್ರೆಗೆಂದು ಬಿಟ್ಟ ಕಿರಿದಾದ ನುಣುಪು ಜಾಗವೊಂದಿತ್ತು. ಹೆಬ್ಬೆರಳು ಅಲ್ಲಿಗೆ ಹೋಗಿ ನಿಂತಿತು.

"ಅದು ಚೆಂದವೇ ಇರಬೇಕು, ನೀವಿಬ್ಬರೂ ಸುಮ್ಮನಾದದ್ದು ನೋಡಿದರೆ. ಆದರೆ ಕೈಯಲ್ಲಿ ನಿಲ್ಲೋದಿಲ್ಲಪ್ಪಾ. ಇದಾದರೆ ಯಾವ ಕಡೆ ಮೇಲು, ಯಾವ ಕಡೆ ಕೆಳಗು ಅಂತ ಬೆರಳಿಗೇ ಗೊತ್ತಾಗುತ್ತೆ. ಕೆಂಡ ಮೈಮೇಲೆ ಸುರಿದುಕೊಳ್ಳೋ ಭಯವಿಲ್ಲ" ಎಂದರು.

ನಾವು ಅವರಿಗೆ ಕಣ್ಣಿಲ್ಲವೆಂದು ಕೈಹಿಡಿದು ನಡೆಸಿದ್ದೆವು. ಆರಿಸುವಾಗ ಮಾತ್ರ ಅವರ ಕುರುಡನ್ನು ಮರೆತು ನಮ್ಮ ಕಣ್ಣನ್ನೇ ನಂಬಿದ್ದೆವು. ಅಂಗಡಿಯಲ್ಲಿ ತಲೆ ತಗ್ಗಿಸಿ ಹಣ ಎಣಿಸಿದೆವು.

ಮೂರು ವರ್ಷಗಳಲ್ಲಿ ಕೆಮ್ಮು ಹತ್ತಿತು. ವೈದ್ಯರು ಬೈದರು, ತಂದೆಯವರು ಅಂದೇ ತಂಬಾಕು ಬಿಟ್ಟರು, ಪೈಪನ್ನು ಬಿಡಲಿಲ್ಲ. ಬರಿದಾದ ಬಟ್ಟಲನ್ನು ಹಿಡಿದು ಜಗಲಿಯಲ್ಲಿ ಕುಳಿತು, ಮಂಜು ಇಳಿಯುವುದನ್ನು ಚಳಿಯಿಂದಲೇ ಅರಿಯುತ್ತಿದ್ದರು. ನಾವು ಕೊಡಿಸಿದ ವಸ್ತುವೇ ಅವರ ಎದೆಯನ್ನು ಕೆಡಿಸಿತೇ ಎಂದು ಕೇಳುವ ಧೈರ್ಯ ನಮಗೆ ಬರಲಿಲ್ಲ.

ಪೈಪು ಈಗ ನಮ್ಮ ಮೇಜಿನ ಮೇಲಿದೆ. ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರಿನ ಬಾಯಿಕೊಳವೆ ಬೆಳಕಿಗೆ ಬಣ್ಣಗೆಟ್ಟು ಕಂದಾಗಿದೆ. ಹೊಳಪು ಕೊಡಿಸೋಣ ಮಾವಯ್ಯ, ಎನ್ನುತ್ತಾಳೆ ಸೊಸೆ. ಬೇಡವಮ್ಮಾ ಎಂದಿದ್ದೇವೆ. ಬಟ್ಟಲಿನ ಬಲಬದಿಯಲ್ಲಿ ಉಬ್ಬುಗೆರೆಗಳು ಸವೆದು, ಒಂದು ಬೆರಳಿನಗಲ ನುಣುಪಾಗಿದೆ.