ಕರಿನೀರಿಗೆ ಸೂಟಿಗೆ ಹೋದ್ವಿ

"ಅಂಡಮಾನಕ್ಕ ಹೋಗಿ ಬಂದೀರಂತಲ್ಲ, ಅಲ್ಲೆ ಏನೇನ್ ನೋಡೋದದ? ವಯಸ್ಸಾದವ್ರನ್ನ ಕರ್ಕೊಂಡು ಹೋಗಬಹುದೇನ?" ಅಂತ ನಮ್ಮ ಓಣಿ ವೈನಿಗೋಳು, ಹುಬ್ಬಳ್ಳಿ ಮಾವಶಿ, ಪುಣೆದಾಗಿರೋ ನಾದಿನಿ, ಎಲ್ಲಾರೂ ಕೇಳಲಿಕ್ಕೆ ಹತ್ಯಾರ. ಒಬ್ಬೊಬ್ಬರಿಗೆ ಫೋನಿನ್ಯಾಗ ಹೇಳೋದಕ್ಕಿಂತ ಇಲ್ಲೆ ಒಮ್ಮೆ ಬರದ ಬಿಡ್ತೀನಿ. ಸಮುದ್ರದಾಗ ಮುಳುಗಿ ಮೀನ ನೋಡೋ ಹುಡುಗರ ಸಲುವಾಗಿ ಬರದದ್ದು ಬೇಕಾದಷ್ಟದ. ಇದು ಮೊಣಕಾಲು ನೋಯೋವ್ರ ಸಲುವಾಗಿ, ಈಜು ಬರಲಾರದವ್ರ ಸಲುವಾಗಿ, "ಈ ವಯಸ್ಸಿನ್ಯಾಗ ನಮಗ ದ್ವೀಪದಾಗ ಏನ್ ಕೆಲಸಾ" ಅನ್ನೋವ್ರ ಸಲುವಾಗಿ.

ಹಂಗ ಅಂದಾಕಿ ಮೊದಲ ನಮ್ಮವ್ವನ. ಆಕಿಗೆ ಈಗ 71. ಅಪ್ಪ ಹೋಗಿ ಒಂದೂವರಿ ವರ್ಷ ಆಗಿತ್ತು. ಅವತ್ತಿನಿಂದ ರಾತ್ರಿ ಊಟಾ ಬಿಟ್ಟಿದ್ಲು. ಕೇಳಿದ್ರ "ಹಸಿವಿಲ್ಲ" ಅಂತ ಒಂದ ಮಾತು. ನಲವತ್ತೆಂಟು ವರ್ಷ ಇಬ್ಬರೂ ಎದುರಾಬದುರಾ ಕೂತು ಉಂಡವ್ರು. ಒಬ್ಬಾಕಿನ ಹಾಕ್ಕೊಂಡು ಉಣ್ಣಲಿಕ್ಕೆ ಮನಸ್ಸಾಗೂದಿಲ್ಲ ಅಂತ ಆಕಿ ಬಾಯಿ ಬಿಟ್ಟು ಹೇಳಲಿಲ್ಲ, ನಾವೂ ಕೆದಕಿ ಕೇಳಲಿಲ್ಲ. ಮಗಳಿಗೆ ಜನವರಿಯೊಳಗ ನಾಲ್ಕ ದಿವಸ ಸೂಟಿ ಸಿಕ್ತು, ಇನ್ನ ಮೂರು ದಿವಸ ನಾವ ರಜಾ ಹಾಕಿಸಿದ್ವಿ. "ಅಂಡಮಾನಕ್ಕ ಹೋಗೋಣು, ನೀನೂ ಬಾ" ಅಂದ್ರ ಅವ್ವ ನನ್ನ ಮುಖಾನ ನೋಡಿದ್ಲು. "ಕರಿನೀರಿಗೆ ಯಾರರೆ ಸೂಟಿಗೆ ಹೋಗ್ತಾರೇನ?"

ಆಕಿ ಮಾತಿನ್ಯಾಗ ತಪ್ಪಿಲ್ಲ. ಆಕಿ ಸಣ್ಣಾಕಿದ್ದಾಗ ಹುಡುಗರು ಭಾಳ ಗದ್ದಲಾ ಮಾಡಿದ್ರ ಅಜ್ಜ "ಕರಿನೀರಿಗೆ ಕಳಸ್ತೀನಿ ನೋಡ್" ಅಂತ ಅಂಜಸ್ತಿದ್ರಂತ. ಆಕಿಗೆ ಅಂಡಮಾನ ಅಂದ್ರ ಹೋದವ್ರು ಹೊಳ್ಳಿ ಬರಲಾರದ ಜಾಗಾ. ಎರಡ ದಿನಾ ಬಿಟ್ಟು ತಾನ ಬಂದು, "ನನ್ನ ಟಿಕೀಟ ನನ್ನ ಪೆನ್ಶನ್ನಿನ್ಯಾಗ ತಗೀರಿ, ಹಂಗಂದ್ರ ಬರ್ತೀನಿ" ಅಂದ್ಲು. ನಮ್ಮನಿಯವರು ಏನೋ ಹೇಳಲಿಕ್ಕೆ ಹೋದ್ರು, ನಾ ಕಣ್ಣಿಲೇ ಸುಮ್ನಿರಿ ಅಂದೆ.

ಬೆಂಗಳೂರಿನಿಂದ ವಿಮಾನ ಹತ್ತಿದ್ರ ಎರಡೂವರಿ ತಾಸಿನ ಮ್ಯಾಲೆ ಸ್ವಲ್ಪ. ಊರಿನ ಹೆಸರು ಈಗ ಬದಲಾಗೇದ. 2024ರಾಗ ಪೋರ್ಟ್ ಬ್ಲೇರಿಗೆ ಶ್ರೀ ವಿಜಯಪುರಂ ಅಂತ ಹೆಸರಿಟ್ಟಾರ. ಅದಕ್ಕೂ ಮೊದಲ, 2018ರ ಡಿಸೆಂಬರ್ 30ಕ್ಕ, ಹ್ಯಾವ್ಲಾಕಿಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ, ರಾಸ್ ಐಲ್ಯಾಂಡಿಗೆ ನೇತಾಜಿ ಸುಭಾಸಚಂದ್ರ ಬೋಸ್ ದ್ವೀಪ ಅಂತ ಆತು. 1943ರಾಗ ಅದ ತಾರೀಖಿಗೆ ನೇತಾಜಿ ಅಲ್ಲೆ ಬಾವುಟಾ ಹಾರಿಸಿದ್ರು, ಅದರ ನೆನಪಿಗೆ. ಆದ್ರ ರಿಕ್ಷಾದವ್ರಿಗೆ ಹಳೇ ಹೆಸರು ಹೇಳಿದ್ರೂ ನಡೀತದ.

ಅಲ್ಲೆ ಮೊದಲ ತಿಳ್ಕೊಳ್ಳೋದು ಸೂರ್ಯನ ಲೆಕ್ಕಾ. ಇಡೀ ದೇಶಕ್ಕ ಗಡಿಯಾರ ಒಂದ, ಅದನ್ನ ಹಿಡದದ್ದು 82.5 ಡಿಗ್ರಿ ರೇಖಾಂಶಕ್ಕ. ನಮ್ಮ ಧಾರವಾಡ 75 ಡಿಗ್ರಿ ಹತ್ರ, ಪೋರ್ಟ್ ಬ್ಲೇರ್ 92 ದಾಟಿ ಆ ಕಡೆ. ಒಂದು ಡಿಗ್ರಿಗೆ 4 ನಿಮಿಷ ಅಂತ ಮಗಳು ಲೆಕ್ಕಾ ಮಾಡಿ ತೋರಿಸಿದ್ಲು: ಅಲ್ಲೆ ಸೂರ್ಯ ನಮಗಿಂತ ಸುಮಾರು 70 ನಿಮಿಷ ಮೊದಲ ಬರ್ತಾನ, ಅಷ್ಟ ಮೊದಲ ಹೋಗ್ತಾನ. ಜನವರಿಯೊಳಗ ಸಂಜಿ ಐದೂ ಕಾಲರ ಸುಮಾರಿಗೆ ಮುಳಗಿಬಿಡ್ತಾನ, ಆರು ಅನ್ನೋದ್ರಾಗ ಕತ್ತಲಿ. ಅದಕ್ಕ ನೋಡೋದೆಲ್ಲಾ ಮುಂಜಾನೆ ಲಗೂ ಎದ್ದು ನೋಡಬೇಕು. ಮಧ್ಯಾಹ್ನ ಮಲಗಿ ಎದ್ದು, ಚಹಾ ಕುಡದು, ಆಮ್ಯಾಲೆ ಹೊಂಟ್ರ ದಿನಾನ ಮುಗದಿರ್ತದ.

ಮೊದಲ ದಿವಸ ಸೆಲ್ಯುಲಾರ್ ಜೈಲಿಗೆ ಹೋದ್ವಿ. ಕೊನೀ ದಿವಸಕ್ಕ ಇಟಗೋಬ್ಯಾಡ್ರಿ, ಮೊದಲ ನೋಡ್ರಿ. ಅದನ್ನ ನೋಡಿದ ಮ್ಯಾಲೆ ಉಳದ ದ್ವೀಪ ನೋಡೋ ಕಣ್ಣ ಬ್ಯಾರೆ ಆಗ್ತದ. 1896ರಾಗ ಕಟ್ಟಲಿಕ್ಕೆ ಸುರು ಮಾಡಿ 1906ಕ್ಕ ಮುಗಿಸಿದ್ದು. ನಟ್ಟನಡುವ ಒಂದು ಗೋಪುರ, ಅದರಿಂದ ಸೈಕಲ್ ಗಾಲಿ ಕಡ್ಡಿ ಹಂಗ ಏಳು ಕಟ್ಟಡ, ಒಂದೊಂದು ಮೂರು ಅಂತಸ್ತು. ಈಗ ಮೂರ ಉಳದಾವ. ಒಂದು ಸಾಲಿನ ಖೋಲಿಗಳ ಮುಂದಿನ ಕಡೆ ಇನ್ನೊಂದು ಸಾಲಿನ ಬೆನ್ನು ಬರೋ ಹಂಗ ಕಟ್ಯಾರ. ಎದುರಿನ ಮನುಷ್ಯಾನ ಮುಖಾ ಸೈತ ಕಾಣಬಾರದು ಅಂತ. ಗೋಡಿಕಿಂತ ಈ ಲೆಕ್ಕಾಚಾರ ನೋಡಿ ನನಗ ಹೊಟ್ಟಿ ತೊಳಸಿದಂಗಾತು.

ಅಂಗಳದಾಗ ಗಾಣದ ಮಾದರಿ ಇಟ್ಟಾರ. ಎತ್ತು ತಿರಗೋ ಜಾಗಾದಾಗ ಕೈದಿ ತಿರಗಬೇಕು, ದಿನಕ್ಕ 30 ಪೌಂಡ್ ಕೊಬ್ಬರಿ ಎಣ್ಣಿ ತಗೀಬೇಕು. ಗೈಡ್ ಹಿಂದಿಯೊಳಗ ಹೇಳಿದ್ದು ನಾ ಅವ್ವಗ ಹೇಳಿದೆ. "ಅಂದ್ರ ಎಷ್ಟ ಲೀಟರ್?" ಅಂದ್ಲು. ಹದಿನಾಲ್ಕು ಹದಿನೈದು ಆಗ್ತದ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಮನಿಗೆ ತಲಿಗೂ ದೀಪಕ್ಕೂ ಕೂಡಿ ತಿಂಗಳಿಗೆ ಒಂದ ಲೀಟರ್. ಒಂದು ವರ್ಷದ್ದು ಒಬ್ಬ ಮನುಷ್ಯಾ ಒಂದ ದಿನದಾಗ ತಗೀತಿದ್ದನೇನ" ಅಂದ್ಲು. ನಾ ಎಷ್ಟೋ ಪುಸ್ತಕದಾಗ ಓದಿದ್ದೆ, ಆದ್ರ ಆ 30 ಪೌಂಡ್ ಅಂದ್ರ ಏನು ಅಂತ ಅವತ್ತ ತಿಳೀತು.

1933ರಾಗ ಕೈದಿಗಳು ಊಟಾ ಬಿಟ್ಟು ಸತ್ಯಾಗ್ರಹ ಮಾಡಿದ್ರು. ಬಲವಂತದಿಂದ ಹಾಲು ಕುಡಸಲಿಕ್ಕೆ ಹೋಗಿ ಮೂರು ಜನರ ಜೀವಾ ಹೋತು. ಮಹಾವೀರ ಸಿಂಗ್, ಮೋಹನ ಕಿಶೋರ ನಾಮದಾಸ, ಮೋಹಿತ ಮೈತ್ರ. ಹೆಸರು ನೆನಪಿಡ್ರಿ. ಸಾವರ್ಕರರ ಖೋಲಿ ಮುಂದ ಎಲ್ಲಾರೂ ಸಾಲ ಹಚ್ಚಿ ನಿಲ್ತಾರ, ಈ ಮೂವರ ಹೆಸರು ಓದೋವ್ರು ಕಡಿಮಿ. ಮ್ಯಾಲಿನ ಅಂತಸ್ತಿಗೆ ಪಾವಟಿಗಿ ಭಾಳ ಅವ, ಅವ್ವ ಕೆಳಗ ಗಿಡದ ನೆರಳಾಗ ಕೂತ್ಲು. ಸಂಜಿಗೆ ಬೆಳಕು ಮತ್ತ ಧ್ವನಿ ಪ್ರದರ್ಶನ ಇರ್ತದ, ಅಂಗಳದಾಗ ಕುರ್ಚಿ ಹಾಕಿರ್ತಾರ, ಮೊಣಕಾಲಿಗೆ ತ್ರಾಸಿಲ್ಲ. ಟಿಕೀಟ ಮೊದಲ ತಗೊಂಡಿಡ್ರಿ.

ಮರುದಿವಸ ಹತ್ತ ಹದಿನೈದು ನಿಮಿಷದ ದೋಣಿಯೊಳಗ ರಾಸ್ ದ್ವೀಪಕ್ಕ. ಅದು ಇಂಗ್ಲಿಷರು ಕೂತು ರಾಜ್ಯಾ ಆಳಿದ ಜಾಗಾ. ಚರ್ಚು, ಬೇಕರಿ, ಸಾಹೇಬನ ಬಂಗ್ಲೆ, ಎಲ್ಲಾ ಇತ್ತು. 1942ರಾಗ ಜಪಾನದವ್ರು ಬಂದ್ರು, ಇವ್ರು ಬಿಟ್ಟು ಹೋದ್ರು. ಈಗ ಗೋಡಿಗೋಳನ್ನ ಆಲದ ಜಾತಿ ಗಿಡದ ಬೇರು ತಬ್ಬಿ ಹಿಡದಾವ, ಬೇರು ತಗದ್ರ ಗೋಡಿ ಬೀಳ್ತದ ಅನ್ನೋ ಹಂಗ. ಜಿಂಕಿ ಬಂದು ಕೈಯಾಗಿನ ಚೀಲಾ ಮೂಸ್ತಾವ. ಏರು ಹತ್ತಲಾರದವ್ರಿಗೆ ಬ್ಯಾಟರಿ ಗಾಡಿ ಅವ. "ಜೈಲು ಕಟ್ಟಿದವ್ರ ಮನಿ ಗತಿ ಇದು" ಅಂತ ಅವ್ವ ಸಮಾಧಾನದಿಂದನ ಅಂದ್ಲು.

ಹ್ಯಾವ್ಲಾಕಿಗೆ ಹೋಗ್ಲಿಕ್ಕೆ ಸುಮಾರು ಎರಡು ತಾಸಿನ ಹಡಗು. ಸರ್ಕಾರಿದೂ ಅದ, ಖಾಸಗಿದೂ ಅವ. ಹೊಟ್ಟಿ ತಿರಗೋವ್ರು ಹಸಿ ಶುಂಠಿ ಚೂರು ಬಾಯಾಗ ಇಟಗೋರಿ, ಹಡಗದ ನಡುವಿನ ಸೀಟಿನ್ಯಾಗ ಕೂಡ್ರಿ, ಮೊಬೈಲ್ ನೋಡಬ್ಯಾಡ್ರಿ. ಅಲ್ಲಿನ ರಾಧಾನಗರ ಬೀಚ್ ಬಗ್ಗೆ ಎಲ್ಲಾರೂ ಹೇಳ್ತಾರ, ಖರೇನ ಹೇಳ್ತಾರ. ಬೆಳ್ಳಗಿನ ಮೆತ್ತನ ಉಸುಕು, ಬೆನ್ನಿಗೆ ಎತ್ತರದ ಕಾಡು, ನೀರಿನ್ಯಾಗ ಭಾಳ ದೂರದ ತನಕ ಮೊಣಕಾಲು ಮಟ್ಟ. ಸೂರ್ಯ ಮುಳಗೋದು ಇದ ದಂಡಿಗೆ. ಸಾಗರದಾಗ ಉಪ್ಪುನೀರಿನ ಮೊಸಳಿ ಅವ, ಅದಕ್ಕ ಬಲಿ ಹಾಕಿದ ಜಾಗಾ ಬಿಟ್ಟು ಈಜಬ್ಯಾಡ್ರಿ, ಹಲಗಿ ಓದಿ ಇಳೀರಿ, ಕತ್ತಲಾದ ಮ್ಯಾಲಂತೂ ಬ್ಯಾಡ.

ಅವ್ವ ಸೀರಿ ನಿರಗಿ ಎತ್ತಿ ಸಿಗಸಿಕೊಂಡು ನನ್ನ ಕೈ ಹಿಡದು ಇಳದ್ಲು. ತೀರ್ಥಯಾತ್ರಾಕ್ಕ ಹೋದಾಗ ಸಮುದ್ರಸ್ನಾನ ಮಾಡಿದಾಕಿ, ಆದ್ರ ಅಲ್ಲೆ ಸಂಕಲ್ಪ, ಮೂರು ಮುಳುಗು, ಲಗೂ ಲಗೂ ಒಣ ಸೀರಿ. ಸುಮ್ನ ನೀರಾಗ ನಿಂತದ್ದು ಇದ ಮೊದಲು. ಒಂದು ತಾಸು ನಿಂತ್ಲು. "ನೀ ಹೋಗು, ನಾ ನಿಂತಿರ್ತೀನಿ" ಅಂತ ನನ್ನ ಕೈ ಬಿಟ್ಲು. ಏನ್ ವಿಚಾರ ಮಾಡ್ತಿದ್ಲೋ ನಾ ಕೇಳಲಿಲ್ಲ.

ಎಲಿಫೆಂಟ್ ಬೀಚಿನ್ಯಾಗ ಮಗಳೂ ನಾನೂ ಸ್ನಾರ್ಕಲಿಂಗ್ ಮಾಡಿದ್ವಿ. ಈಜು ಬರಬೇಕಂತಿಲ್ಲ, ಟಯರ್ ಹಿಡದು ಹುಡುಗ ಎಳಕೊಂಡು ಹೋಗ್ತಾನ, ಮುಖಾ ಅಷ್ಟ ನೀರಿನ್ಯಾಗ. ಹವಳದ ಮ್ಯಾಲೆ ಕಾಲಿಡಬ್ಯಾಡ್ರಿ. ಅದು ಕಲ್ಲಲ್ಲ, ಜೀವಂತ ಹುಳದ ಮನಿ, ಬೆಳಿಲಿಕ್ಕೆ ಎಷ್ಟೋ ವರ್ಷ ಬೇಕು. ನೀರಿಗಿಳಿಯಲಾರದವ್ರಿಗೆ ನೀಲ್ ದ್ವೀಪದ ಭರತಪುರದಾಗ ತಳಕ್ಕ ಗಾಜು ಹಾಕಿದ ದೋಣಿ ಅವ. ಅವ್ವ ಅದರಾಗ ಬಗ್ಗಿ ಕೂತು, ಹಸಿರು ನೀಲಿ ಮೀನ ಹವಳಾ ಕಡಿಯೋದು ನೋಡಿ, "ಅಯ್ಯ, ಇವಕ್ಕ ಹಲ್ಲೂ ಅವೇನ!" ಅಂತ ಸಣ್ಣ ಹುಡುಗಿ ಹಂಗ ನಕ್ಕಳು.

ನನ್ನ ಕೇಳಿದ್ರ ನೀಲ್ ದ್ವೀಪಾನ ಎಲ್ಲಾಕ್ಕಿಂತ ಛಲೋ. ಸಣ್ಣದು, ಗದ್ದಲಿಲ್ಲ, ಹೊಲಾ, ಬಾಳಿ ತೋಟ, ಕಾಯಿಪಲ್ಯ ಸಂತಿ. ಸೀತಾಪುರದಾಗ ಸೂರ್ಯ ಹುಟ್ಟೋದು, ಲಕ್ಷ್ಮಣಪುರದಾಗ ಮುಳಗೋದು. ಭರತ, ಲಕ್ಷ್ಮಣ, ಸೀತಿ, ರಾಮನಗರ ಅಂತ ಹೆಸರು ಕೇಳಿ ಅವ್ವಗ ತವರುಮನಿ ಸಿಕ್ಕಂಗಾತು. ಈ ಹೆಸರು ಇಟ್ಟವ್ರು, ದೇಶಾ ಭಾಗ ಆದ ಮ್ಯಾಲೆ ಪೂರ್ವ ಬಂಗಾಳದಿಂದ ಬಂದು ನೆಲಿ ನಿಂತ ಜನ. ಎಳನೀರು ಮಾರೋ ಒಬ್ಬಾಕಿ ತನ್ನ ಅತ್ತಿ ಹಡಗದಾಗ ಕೂಸು ಎತಗೊಂಡು ಬಂದದ್ದು ಹೇಳಿದ್ಲು. ಆಕಿ ಹಿಂದಿ ಅರ್ಧಾ, ಅವ್ವನ ಹಿಂದಿ ಕಾಲು ಭಾಗ. ಆದ್ರೂ ಇಬ್ಬರೂ ಅರ್ಧಾ ತಾಸು ಮಾತಾಡಿದ್ರು. ಒಬ್ಬರಿಗೆ ಕರಿನೀರು ಆದದ್ದು ಇನ್ನೊಬ್ಬರಿಗೆ ಆಸರಾ ಆತು ನೋಡ್ರಿ.

ಲಕ್ಷ್ಮಣಪುರದ ಕಲ್ಲಿನ ಸೇತುವಿ ನೋಡಬೇಕಂದ್ರ ನೀರು ಇಳದಾಗ ಹೋಗಬೇಕು, ಭರತಿ ಇಳತದ ಹೊತ್ತು ಹೊಟೆಲದವ್ರನ್ನ ಕೇಳ್ರಿ. ಕಲ್ಲು ಜಾರ್ತಾವ, ಅವ್ವ ದಂಡಿಗೆ ಉಳದ್ಲು.

ಮನ್ಯಾಗ ವಾದಾ ಆದದ್ದು ಬಾರಾಟಾಂಗದ ಸಲುವಾಗಿ. ಅಲ್ಲೆ ಸುಣ್ಣದ ಕಲ್ಲಿನ ಗವಿ, ಕೆಸರಿನ ಜ್ವಾಲಾಮುಖಿ ಅವ. ಆದ್ರ ರಸ್ತಾ ಹೋಗೋದು ಜಾರವಾ ಜನರ ಕಾಡಿನ ನಡುವ. ಗಾಡಿಗೋಳನ್ನ ಸಾಲಾಗಿ ಬಿಡ್ತಾರ, ನಿಂದ್ರಬಾರದು, ಫೋಟೋ ತಗೀಬಾರದು. ಆ ಜನ ಇರೋದು ಕೆಲವ ನೂರು, 1990ರ ದಶಕದ ಕೊನೀ ತನಕ ಹೊರಗಿನವ್ರ ಜೋಡಿ ಬೆರೀತಿರಲಿಲ್ಲ. ಏಜಂಟ "ನಸೀಬಿದ್ರ ಕಾಣ್ತಾರ್ರಿ" ಅಂದ, ಹುಲಿ ಬಗ್ಗೆ ಹೇಳಿದಂಗ. ನಮ್ಮನಿಯವರಿಗೆ ಗವಿ ನೋಡೋ ಆಸೆ ಇತ್ತು. ಅವ್ವ ಅಂದ್ಲು, "ಅಪ್ಪ ಹೋದಾಗ ಹದಿಮೂರು ದಿನಾ ಬಂದವ್ರೆಲ್ಲಾ ಬಾಗಲದಾಗ ನಿಂತು ನನ್ನ ಮುಖಾ ನೋಡಿ ಹೋದ್ರು. ಅದ ಸಾಕಾಗಿತ್ತು ನನಗ. ಅವ್ರ ಮನಿ ಮುಂದ ದಿನಾ ಹಂಗ ಹಾದು ಹೋಗೋದೇನ?" ಯಾರೂ ಮುಂದ ಮಾತಾಡಲಿಲ್ಲ. ಆ ದಿವಸ ಚಿಡಿಯಾ ಟಾಪುಕ್ಕ ಹೋಗಿ ಸೂರ್ಯ ಮುಳಗೋದು ನೋಡಿ ಬಂದ್ವಿ.

ಊಟದ ಮಾತು. ನಾಲ್ಕನೇ ದಿವಸ, ನೀಲ್ ದ್ವೀಪದಾಗ, ಕತ್ತಲಿ ಆಗಿ ಆರೂವರಿ ಇನ್ನ ಆಗಿತ್ತು. ಅವ್ವ, "ಏನರೆ ಉಣ್ಣಲಿಕ್ಕೆ ಸಿಗ್ತದೇನ? ಹೊಟ್ಟಿ ಹಸದದ" ಅಂದ್ಲು. ಮಗಳು ಏನೋ ಅನ್ನಲಿಕ್ಕೆ ಹೋದ್ಲು, ನಾ ಆಕಿ ಕೈ ಒತ್ತಿದೆ. ಅನ್ನ, ತೊವ್ವಿ, ಬದನಿಕಾಯಿ ಕರದದ್ದು ಬಂತು. ಮ್ಯಾಲೆ ನಮ್ಮ ಶೇಂಗಾ ಚಟ್ನಿ. ಎರಡ ಸಲ ಅನ್ನಾ ಹಾಕಿಸಿಕೊಂಡ್ಲು. ಸೂರ್ಯನ ಲೆಕ್ಕಾನೋ, ನಡದಾಡಿದ್ದೋ, ಎದುರಿಗೆ ಖಾಲಿ ಕುರ್ಚಿ ಇರಲಾರದ್ದೋ, ನಾ ಹೇಳಲಾರೆ. ಧಾರವಾಡಕ್ಕ ಬಂದ ಮ್ಯಾಲೆ ವಾರದಾಗ ಮೂರ್ನಾಲ್ಕ ದಿನಾ ಉಣ್ತಾಳ, ಉಳದ ದಿನಾ ಹಾಲು ಕುಡದು ಮಲಗ್ತಾಳ. ನಾವು ಈಗ ಊಟಾ ಏಳೂವರಿಗೆ ಎಲ್ಲಾರೂ ಕೂಡೇ ಮಾಡ್ತೀವಿ, ಟಿವಿ ಆಮ್ಯಾಲೆ.

ಹೋಗೋವ್ರಿಗೆ ಇನ್ನಷ್ಟು ಮಾತು. ನವೆಂಬರದಿಂದ ಏಪ್ರಿಲ್ ತನಕ ಹೋಗ್ರಿ, ಮೇ ತಿಂಗಳಿಂದ ಮಳಿ. ಏಳು ದಿನಕ್ಕ ಮೂರು ದ್ವೀಪ ಸಾಕು, ನಡುವ ಒಂದು ದಿವಸ ಏನೂ ಇಟಗೋಬ್ಯಾಡ್ರಿ, ಸಮುದ್ರ ಕೆಟ್ಟಿದ್ರ ಹಡಗ ಬಿಡೂದಿಲ್ಲ. ಹಿಂದಕ್ಕ ಹಿಡಕೋ ಪಟ್ಟಿ ಇರೋ ಚಪ್ಲಿ, ಲಗೂ ಒಣಗೋ ಸೀರಿ, ನೋವಿನ ಎಣ್ಣಿ, ಗುಳಗಿ, ಸ್ವಲ್ಪ ರೊಕ್ಕಾ ಕೈಯಾಗ ಇರಲಿ. ಸಣ್ಣ ದ್ವೀಪದಾಗ ಎಟಿಎಂ ಕಡಿಮಿ, ನೆಟ್ವರ್ಕೂ ಅಷ್ಟಕ್ಕಷ್ಟ. ಊಟಕ್ಕ ಅಂಜಬ್ಯಾಡ್ರಿ, ಇಡ್ಲಿ, ದ್ವಾಸಿ, ಅನ್ನ ಸಾರು ಪೋರ್ಟ್ ಬ್ಲೇರಿನ್ಯಾಗ ಬೇಕಾದಷ್ಟು. ದಂಡಿ ಮ್ಯಾಲಿನ ಶಂಖ, ಚಿಪ್ಪು, ಹವಳದ ತುಂಡು ಚೀಲದಾಗ ಹಾಕ್ಕೋಬ್ಯಾಡ್ರಿ. ಹವಳಾ, ಕೆಲವು ಜಾತಿ ಶಂಖಾ 1972ರ ವನ್ಯಜೀವಿ ಕಾಯ್ದೆದೊಳಗ ಬರ್ತಾವ, ವಿಮಾನ ನಿಲ್ದಾಣದಾಗ ತಪಾಸಣಿ ಮಾಡಿ ತಗಸ್ತಾರ. ಬೇಕಂದ್ರ ಸರ್ಕಾರಿ ಅಂಗಡ್ಯಾಗ ಪಾವತಿ ಸಮೇತ ತಗೋರಿ.

ಮತ್ತ, ಮನ್ಯಾಗ ವಯಸ್ಸಾದವ್ರು "ನಾ ಯಾಕ, ನೀವು ಹೋಗಿ ಬರ್ರಿ" ಅಂದ್ರ ಒಮ್ಮೆ ಹೇಳಿ ಬಿಡಬ್ಯಾಡ್ರಿ. ಎರಡ ದಿನಾ ಬಿಟ್ಟು ಮತ್ತೊಮ್ಮೆ ಕೇಳ್ರಿ. ಟಿಕೀಟಿನ ರೊಕ್ಕಾ ಅವ್ರ ಕೊಡ್ತೀನಂದ್ರ ತಗೋರಿ.